ಮೊದಲು ಹೆಜ್ಜೆ, ಆಮೇಲೆ ನೆಲ: ಪಂಡಿತಾ ರಮಾಬಾಯಿಯ ಕೇಡಗಾಂವ್

ಮುಂಬೈಯಿಂದ ಬೆಂಗಳೂರಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ ಬಿಟ್ಟು ದೌಂಡ್ ತಲುಪುವ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ದಾಟುತ್ತದೆ. ಮುಂದೆ ಸೋಲಾಪುರ, ಆಮೇಲೆ ಕಲಬುರಗಿ, ಇನ್ನೂ ಮುಂದೆ ರಾಯಚೂರು. ಈ ಹಳಿಯ ಉದ್ದಕ್ಕೂ ಒಬ್ಬ ಹೆಣ್ಣುಮಗಳ ಬದುಕಿನ ಮೂರು ಗುರುತುಗಳಿವೆ. ರಾಯಚೂರು ಸೀಮೆಯಲ್ಲಿ ಆಕೆಯ ತಾಯಿ ಬರಗಾಲದ ಹಸಿವಿನಲ್ಲಿ ಸತ್ತರು. ಕಲಬುರಗಿಯಲ್ಲಿ ಆಕೆಯ ಮಗಳು ಹುಡುಗಿಯರಿಗಾಗಿ ಶಾಲೆ ನಡೆಸಿದಳು. ಕೇಡಗಾಂವದಲ್ಲಿ ಆಕೆ ಕೈಯಲ್ಲಿ ಹಣವಿಲ್ಲದೆ, ಊಟ ಎಲ್ಲಿಂದ ಬರುತ್ತದೆಂದು ತಿಳಿಯದೆ, ಮುನ್ನೂರು ಹುಡುಗಿಯರನ್ನು ಕರೆತಂದು ಇಳಿಸಿದರು.

ಆಕೆ ಪಂಡಿತಾ ರಮಾಬಾಯಿ. ಸಮಾಜ ಸುಧಾರಕಿ, ಸಂಸ್ಕೃತ ವಿದುಷಿ, ವಿಧವೆಯರ ಶಿಕ್ಷಣಕ್ಕೆ ದುಡಿದವರು ಎಂದು ನಮ್ಮ ಪಠ್ಯಪುಸ್ತಕಗಳು ಅವರ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋಗುತ್ತವೆ. ಅವರ ಕ್ರೈಸ್ತ ನಂಬಿಕೆಯ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಮುಜುಗರ. ಹಿಂದೂ ಸುಧಾರಕರ ಸಾಲಿನಲ್ಲಿ ನಿಲ್ಲಿಸಲು ಅದು ಅಡ್ಡಿ. ಮಿಷನರಿಗಳ ಸಾಲಿನಲ್ಲಿ ನಿಲ್ಲಿಸಲು ಅವರ ಹಟ ಅಡ್ಡಿ. ಆದರೆ 1896ರಲ್ಲಿ ಅವರು ಮಾಡಿದ ಕೆಲಸ ಆ ನಂಬಿಕೆಯನ್ನು ಬಿಟ್ಟರೆ ಅರ್ಥವಾಗುವಂಥದ್ದಲ್ಲ. ಖಾತ್ರಿಯಾದ ಮೇಲೆ ಹೆಜ್ಜೆ ಇಡುವುದು ಲೋಕದ ರೀತಿ. ಹೆಜ್ಜೆ ಇಟ್ಟ ಮೇಲೆ ಖಾತ್ರಿ ಬರುತ್ತದೆ, ಬರದಿದ್ದರೂ ಹೆಜ್ಜೆ ಇಡಲೇಬೇಕು ಎನ್ನುವುದು ಬೈಬಲ್ಲಿನ ಒಂದು ಹಳೆಯ ಎಳೆ. ಎಲ್ಲಿಗೆಂದು ತಿಳಿಯದೆ ಊರು ಬಿಟ್ಟ ಅಬ್ರಹಾಮನ ಕತೆಯಲ್ಲಿ ಅದು ಇದೆ. ಯಾಜಕರ ಪಾದ ನೀರಿಗೆ ತಗುಲಿದ ಮೇಲೆಯೇ ಯೊರ್ದನ್ ನದಿ ದಾರಿ ಬಿಟ್ಟ ಕತೆಯಲ್ಲೂ ಇದೆ. ರಮಾಬಾಯಿ ಆ ಕತೆಗಳನ್ನು ಓದಿದ್ದು ಭಕ್ತಿಗಾಗಿ ಮಾತ್ರವಲ್ಲ. ಅವು ನಿಜವಾಗಿ ನಡೆಯುತ್ತವೆಯೇ ಎಂದು ನೋಡಬೇಕಿತ್ತು.

ಅವರಿಗೆ ಅದನ್ನು ಕೇಳುವ ಹಕ್ಕು ಇತ್ತು. ಏಕೆಂದರೆ ನಂಬಿಕೆಯ ಮೇಲೆ ಎಲ್ಲವನ್ನೂ ಪಣಕ್ಕಿಟ್ಟು ಎಲ್ಲವನ್ನೂ ಕಳೆದುಕೊಂಡ ಮನೆಯಲ್ಲಿ ಅವರು ಬೆಳೆದಿದ್ದರು.

*

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದ ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಬೇಕೆಂದು ಹೊರಟಾಗ ಸಂಪ್ರದಾಯಸ್ಥರು ಎದುರು ನಿಂತರು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ಅವರು ತಮ್ಮ ನಡೆಯನ್ನು ಶಾಸ್ತ್ರಾಧಾರಗಳಿಂದಲೇ ಸಮರ್ಥಿಸಿಕೊಳ್ಳಬೇಕಾಯಿತು. ಕೊನೆಗೆ ಊರಿನ ಗೊಡವೆ ಬೇಡವೆಂದು ಕಾಡು ಸೇರಿ ಅಲ್ಲೇ ಮನೆ ಕಟ್ಟಿದರು. ಬಂದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಅನ್ನ ಹಾಕಿ ಸಾಲವಾಗಿ, ಮನೆ ಕೈಬಿಟ್ಟು ಸಂಸಾರ ಸಮೇತ ತೀರ್ಥಯಾತ್ರೆಗೆ ಹೊರಟರು. ಆಗ ರಮಾ ಇನ್ನೂ ಕೈಗೂಸು.

ಮುಂದಿನ ಹದಿನೈದು ವರ್ಷ ಆ ಸಂಸಾರ ನಡೆದುಕೊಂಡೇ ಬದುಕಿತು. ದೇವಸ್ಥಾನದ ಜಗಲಿಯಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಉಣ್ಣುವುದು, ಮುಂದಿನ ಕ್ಷೇತ್ರಕ್ಕೆ ಹೊರಡುವುದು. ತಾಯಿ ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳಿದರು. ಹುಡುಗಿಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಬಾಯಿಗೆ ಬಂದವು. ಮನೆಮಾತು ಮರಾಠಿ, ದಾರಿಯಲ್ಲಿ ಕನ್ನಡ, ಹಿಂದುಸ್ತಾನಿ, ಆಮೇಲೆ ಬಂಗಾಳಿ ಸೇರಿಕೊಂಡವು.

1870ರ ದಶಕದ ಬರಗಾಲ ಮದ್ರಾಸ್ ಪ್ರಾಂತ್ಯವನ್ನು ಹಿಡಿದಾಗ ಅನಂತಶಾಸ್ತ್ರಿಗಳು ಮಾಡಿದ್ದು ಒಬ್ಬ ಶ್ರದ್ಧಾವಂತ ಮಾಡುವ ಕೆಲಸವನ್ನೇ. ಉಳಿದ ಹಣವನ್ನು ದಾನ, ಪೂಜೆ, ಬ್ರಾಹ್ಮಣ ಸಂತರ್ಪಣೆಗಳಿಗೆ ಸುರಿದರು. ದೇವರು ಒಲಿಯುತ್ತಾನೆ, ಕಷ್ಟ ಕಳೆಯುತ್ತದೆ ಎಂದು ಇಡೀ ಸಂಸಾರ ವ್ರತ ಹಿಡಿದು ಕಾದಿತು. ಪಾತ್ರೆ ಪಡಗ, ಒಡವೆ, ಬಟ್ಟೆ ಎಲ್ಲ ಹೋಯಿತು. ಕೂಲಿ ಮಾಡುವುದು ಪಂಡಿತರ ಮನೆತನಕ್ಕೆ ಸಲ್ಲದು, ಭಿಕ್ಷೆ ಬೇಡಲು ನಾಚಿಕೆ. ಕಾಡು ಹೊಕ್ಕು ಎಲೆ ತಿಂದರು. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ದಿನಗಳಲ್ಲೇ ತಾಯಿಯ ಸರದಿ ಬಂತು. ಜ್ವರದಲ್ಲಿ ಮಲಗಿದ್ದ ತಾಯಿಗೆ ರಮಾ ಪಕ್ಕದ ಮನೆಗೆ ಹೋಗಿ ಬಾಯಿಬಿಡಲಾರದೆ ಬೇಡಿ ತಂದದ್ದು ಒಂದು ತುಂಡು ಸಜ್ಜೆ ರೊಟ್ಟಿ. ಅದನ್ನು ನುಂಗುವ ಶಕ್ತಿಯೂ ಆಗ ಆ ತಾಯಿಗೆ ಇರಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗದೆ ಹದಿಹರೆಯದ ಮಗಳೇ ಹೆಗಲು ಕೊಡಬೇಕಾಯಿತು. ಆಮೇಲೆ ಅಕ್ಕನೂ ಹೋದಳು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ.

ಅಪ್ಪನೂ ಖಾತ್ರಿ ಕಾಣುವ ಮೊದಲೇ ಎಲ್ಲವನ್ನೂ ಒಪ್ಪಿಸಿದ್ದರು. ಅವರಿಗೆ ಖಾತ್ರಿ ಬರಲೇ ಇಲ್ಲ. ರಮಾಬಾಯಿಯ ಮುಂದಿನ ಬದುಕಿನ ಪ್ರತಿಯೊಂದು ತೀರ್ಮಾನದ ಹಿಂದೆಯೂ ಈ ಸಂಗತಿ ಕೂತಿತ್ತು.

*

ಅಣ್ಣ ತಂಗಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿನ ವಿದ್ವಾಂಸರು ರಮಾ ಅವರನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ರಮಾ ಬಿಪಿನ್ ಬಿಹಾರಿ ಮೇಧ್ವಿ ಎಂಬ ಬಂಗಾಳಿ ವಕೀಲರನ್ನು, ಬ್ರಾಹ್ಮಣರಲ್ಲದವರನ್ನು, ನೋಂದಣಿ ಮದುವೆಯಾದರು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು, 1883ರಲ್ಲಿ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಓದು ಕೈಗೂಡಲಿಲ್ಲ. ಆ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಕ್ರೈಸ್ತರಾದ ಮೇಲೆ ಅವರು ವಿಧೇಯರಾದರು ಎಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಜತೆಗಿನ ಅವರ ಪತ್ರಗಳು ಒಂದು ದೀರ್ಘ ಜಗಳ. ತ್ರಯೇಕತ್ವದ ಸಿದ್ಧಾಂತವನ್ನು ಕೇಳಿದ ಮಾತ್ರಕ್ಕೆ ಒಪ್ಪಲಾರೆ ಎಂದರು. ಬಿಷಪ್ಪರು ಹೇಳಿದರೆಂದು ಪಾಠ ಹೇಳುವ ಜಾಗವನ್ನೋ ವಿದ್ಯಾರ್ಥಿಗಳನ್ನೋ ಬಿಡಲಾರೆ ಎಂದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕೇನು ಕಡಿಮೆ ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ. ಬಹಳ ಕಷ್ಟಪಟ್ಟು ಪುರೋಹಿತರ ನೊಗ ಕಳಚಿಕೊಂಡು ಬಂದವರಿಗೆ ಇನ್ನೊಂದು ಪುರೋಹಿತ ವರ್ಗಕ್ಕೆ ಕುತ್ತಿಗೆ ಒಡ್ಡುವ ಮನಸ್ಸಿರಲಿಲ್ಲ. ಅವರ ಲೆಕ್ಕದಲ್ಲಿ ವಿಧೇಯತೆ ಎಂದರೆ ದೇವರಿಗೆ ಮಾತ್ರ. ನಡುವೆ ನಿಂತು ಅದನ್ನು ಅಳೆಯುವವರು ಬೇಡ.

ಅಮೆರಿಕಕ್ಕೆ ಹೋಗಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯ ಬಗ್ಗೆ ಪುಸ್ತಕ ಬರೆದು, ಊರೂರು ಸುತ್ತಿ ಭಾಷಣ ಮಾಡಿ, 1887ರಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟುವಂತೆ ಮಾಡಿದರು. ಹತ್ತು ವರ್ಷ ಹಣ ಕೊಡುವ ಭರವಸೆ ಸಿಕ್ಕಿತು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಮತಪ್ರಚಾರ ಮಾಡುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂತರು. 1893ರಲ್ಲಿ ಅದು ದೊಡ್ಡ ರಾದ್ಧಾಂತವಾಯಿತು. ಟಿಳಕರ ‘ಕೇಸರಿ’ ಹರಿಹಾಯ್ದಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಹೊರನಡೆದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಬಾಗಿಲು ಮುಚ್ಚಿದ್ದರೆ ಇದಾವುದೂ ಆಗುತ್ತಿರಲಿಲ್ಲ. ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಕದ್ದು ಮುಚ್ಚಿ ಪ್ರಾರ್ಥಿಸಬೇಕಾದ ಕಾರಣ ಅವರಿಗೆ ಕಾಣಲಿಲ್ಲ.

*

ಈ ವರ್ಷಗಳಲ್ಲೇ ಅವರು ಮೂವರ ಜೀವನಕತೆ ಓದಿದರು. ಬ್ರಿಸ್ಟಲ್ಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್, ಚೀನಾದ ಒಳನಾಡಿಗೆ ಹೋದ ಹಡ್ಸನ್ ಟೇಲರ್, ದಕ್ಷಿಣ ಸಮುದ್ರದ ದ್ವೀಪಗಳಿಗೆ ಹೋದ ಜಾನ್ ಪೇಟನ್. ಮುಲ್ಲರ್ ಯಾರ ಮುಂದೆಯೂ ಹಣಕ್ಕೆ ಕೈಚಾಚಲಿಲ್ಲ. ಬೇಕಾದದ್ದನ್ನು ದೇವರಲ್ಲಿ ಮಾತ್ರ ಕೇಳುವುದು ಅವರ ನಿಯಮ. ಪೇಟನ್ ಕತೆಯಲ್ಲಿ ಒಂದು ಬಾವಿಯ ಪ್ರಸಂಗವಿದೆ. ಅನಿವಾ ದ್ವೀಪದಲ್ಲಿ ಕುಡಿಯುವ ನೀರಿಲ್ಲ. ಪೇಟನ್ ಬಾವಿ ತೋಡಲು ಹೊರಟಾಗ, ಮಳೆ ಮೇಲಿನಿಂದ ಬರುತ್ತದೆಯೇ ಹೊರತು ನೆಲದಡಿಯಿಂದ ಬರುತ್ತದೆಯೇ, ಈ ಮನುಷ್ಯನಿಗೆ ಹುಚ್ಚು ಎಂದರು ದ್ವೀಪದವರು. ಮೂವತ್ತು ಅಡಿ ಆಳದಲ್ಲಿ ಸಿಹಿನೀರು ಸಿಕ್ಕಿತು.

ರಮಾಬಾಯಿಗೆ ಹುಟ್ಟಿದ ಪ್ರಶ್ನೆ ಸರಳ. ಇದು ಇಂಗ್ಲೆಂಡಿನವರಿಗೆ, ಚರ್ಚಿನ ಬೆಂಬಲ ಇದ್ದವರಿಗೆ ನಡೆದೀತು. ಭಾರತದಲ್ಲಿ, ಸ್ವಂತ ಜನರೂ ದೂರ ಮಾಡಿದ ಒಬ್ಬ ವಿಧವೆಗೆ ನಡೆಯುತ್ತದೆಯೇ?

ಅವರು ಒಡನೆ ಧುಮುಕಲಿಲ್ಲ ಎಂಬುದನ್ನು ಗಮನಿಸಬೇಕು. ಬಾಸ್ಟನ್ನಿನ ಹತ್ತು ವರ್ಷದ ಮಾತು 1898ಕ್ಕೆ ಮುಗಿಯುವುದಿತ್ತು. ಆಮೇಲೆ ಸದನ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಹೊಲ ಕೊಂಡು ಹಣ್ಣಿನ ತೋಟ ಹಾಕಿಸಿದರು. ಬಾವಿ ತೋಡಿಸಿದರು. ಯಾವ ಸಂಸಾರಸ್ಥನೂ ಮಾಡುವ ಲೆಕ್ಕಾಚಾರ ಇದು. ಇದರಲ್ಲಿ ಪವಾಡವೇನೂ ಇಲ್ಲ.

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂತು. ಆ ಸುದ್ದಿ ಕೇಳಿ ತಮ್ಮದೇ ಹಸಿವಿನ ದಿನಗಳು ಕಣ್ಣಿಗೆ ಕಟ್ಟಿದವು ಎಂದು ರಮಾಬಾಯಿಯೇ ಬರೆದಿದ್ದಾರೆ. ಬಾಸ್ಟನ್ನಿನ ಹಣ ಮುಟ್ಟುವಂತಿರಲಿಲ್ಲ. ಅದು ಮೇಲ್ಜಾತಿಯ ವಿಧವೆಯರ ಶಾಲೆಗೆಂದು ಬಂದದ್ದು. ಬರದಲ್ಲಿ ಸಾಯುತ್ತಿದ್ದವರು ಎಲ್ಲ ಜಾತಿಯ ಹುಡುಗಿಯರು. ಸದನದಲ್ಲಿ ಇದ್ದವರಿಗೇ ಜಾಗ ಸಾಲದು. ಹೋಗಬೇಡ ಎನ್ನುವುದಕ್ಕೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು, ಹೋಗು ಎನ್ನುವುದಕ್ಕೆ ಒಂದೇ ಒಂದು. ತಮ್ಮ ಶಕ್ತಿ ಇಷ್ಟೇ ಎಂದು ಮೊದಲು ಸುಮ್ಮನಿದ್ದರು. ಆ ಸುಮ್ಮನಿರುವುದೇ ಸಹಿಸಲಾಗದೆ ರೈಲು ಹತ್ತಿದರು.

ಪರಿಹಾರ ಶಿಬಿರಗಳಲ್ಲಿ, ಬಡವರ ಛತ್ರಗಳಲ್ಲಿ ಅವರು ಕಂಡದ್ದು ಹಸಿವು ಮಾತ್ರವಲ್ಲ. ಅನ್ನದ ಆಸೆ ತೋರಿಸಿ ಹುಡುಗಿಯರನ್ನು ಒಯ್ಯುವ ದಲ್ಲಾಳಿಗಳಿದ್ದರು, ಕಾಯಬೇಕಾದವರೇ ಕೆಡಿಸುತ್ತಿದ್ದರು. ಮುನ್ನೂರು ಮಂದಿಯನ್ನಾದರೂ ಕರೆತರುತ್ತೇನೆ ಎಂದು ತೀರ್ಮಾನಿಸಿದರು. ತಂಡ ತಂಡವಾಗಿ ಹುಡುಗಿಯರು ಬಂದರು: ಚಿಂದಿ ಬಟ್ಟೆ, ಹುಣ್ಣು, ಹೇನು, ಅನ್ನ ಕಂಡರೆ ಬಚ್ಚಿಟ್ಟುಕೊಳ್ಳುವ ಕೈಗಳು. ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಂತು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳುವಂತಿಲ್ಲ ಎಂದು ಅಧಿಕಾರಿಗಳು ತಡೆದರು. ಉಳಿದದ್ದು ಕೇಡಗಾಂವದ ಹೊಲ ಒಂದೇ. ಅಲ್ಲಿ ಡೇರೆ, ಗುಡಿಸಲು ಎದ್ದವು. ಹಣ್ಣು ಮಾರಿ ಬದುಕಲೆಂದು ಕೊಂಡ ನೆಲ ಆಶ್ರಯವಾಯಿತು. ಅದರ ಹೆಸರು ಮುಕ್ತಿ.

ಈ ವಿಧೇಯತೆ ಸರ್ಕಾರದ ಕಡೆಗೆ ತಿರುಗಲಿಲ್ಲ. ಅದೇ 1897ರಲ್ಲಿ ಪುಣೆಯ ಪ್ಲೇಗ್ ಶಿಬಿರಗಳಲ್ಲಿ ಹೆಂಗಸರ ಪಾಡು ಹೇಗಿದೆ, ತಮ್ಮ ಸದನದ ಒಬ್ಬ ಹುಡುಗಿ ಅಲ್ಲಿಂದ ಹೇಗೆ ಕಾಣೆಯಾದಳು ಎಂದು ಪತ್ರಿಕೆಗೆ ಬರೆದರು. ಮಾತು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ಮುಂಬೈ ಸರ್ಕಾರ ದೂರನ್ನು ತಳ್ಳಿಹಾಕಿತು. ಕ್ರೈಸ್ತರಾದವರು ಆಳುವವರ ಪರ ಎಂದು ಪುಣೆಯಲ್ಲಿ ನಂಬಿದ್ದವರಿಗೆ ಈ ಪತ್ರವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

1898ರಲ್ಲಿ ಅಮೆರಿಕದಲ್ಲಿ ಹೊಸ ಅಸೋಸಿಯೇಷನ್ ರೂಪುಗೊಂಡಿತು. 1899–1900ರಲ್ಲಿ ಗುಜರಾತಿನ ಕಡೆ ಮತ್ತೆ ಬರ ಬಿದ್ದಾಗ ಇನ್ನೂ ನೂರಾರು ಹುಡುಗಿಯರು ಬಂದರು. 1900ರ ಹೊತ್ತಿಗೆ ಮುಕ್ತಿಯಲ್ಲಿ ಒಂದೂವರೆ ಸಾವಿರ ಜನ, ನೂರಕ್ಕೂ ಹೆಚ್ಚು ದನಕರು. ದಿನವೂ ಸಂಜೆ ಬಾವಿಗಳ ತಳ ಕಾಣುತ್ತಿತ್ತು, ಬೆಳಗಾಗುವಾಗ ಮತ್ತೆ ನೀರು ನಿಂತಿರುತ್ತಿತ್ತು ಎಂದು ಮುಕ್ತಿಯ ವೃತ್ತಾಂತಗಳು ಹೇಳುತ್ತವೆ. ಭೂಗರ್ಭ ಬಲ್ಲವರು ಅದಕ್ಕೆ ಅಂತರ್ಜಲದ ಒರತೆ ಎನ್ನುತ್ತಾರೆ. ಅಲ್ಲಿ ನೀರು ಸೇದಿದ ಹುಡುಗಿಯರು ದೇವರ ಹೆಸರು ಹೇಳಿದರು. ಎರಡಕ್ಕೂ ಮೊದಲು ಯಾರೋ ಗುದ್ದಲಿ ಹಿಡಿದು ಬಾವಿ ತೋಡಿರಬೇಕು.

*

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕತೆ. ನಂಬಿಕೆಯ ಹೆಜ್ಜೆಗಳ ಬಗ್ಗೆ ಬರೆದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನೀರು ಸಿಕ್ಕ ಬಾವಿಯ ಕತೆ ಪುಸ್ತಕವಾಗುತ್ತದೆ, ಒಣಬಾವಿ ತೋಡಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅನಂತಶಾಸ್ತ್ರಿಗಳ ಮಗಳು ಮುಕ್ತಿಯನ್ನು ಕಟ್ಟದೆ ಹೋಗಿದ್ದರೆ ಅವರ ಹಸಿವಿನ ಸಾವೂ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಅಪ್ಪನ ನಂಬಿಕೆಗೂ ಮಗಳ ನಂಬಿಕೆಗೂ ವ್ಯತ್ಯಾಸವೇನು? ಅಪ್ಪ ನಂಬಿದ ದೇವರು ಬೇರೆ, ತಾವು ನಂಬಿದ ದೇವರು ಬೇರೆ ಎಂಬುದು ರಮಾಬಾಯಿಯ ಉತ್ತರ. ಆ ಉತ್ತರವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಹೊರಗೆ ನಿಂತು ನೋಡುವವರಿಗೆ ಕಾಣುವ ವ್ಯತ್ಯಾಸ ಇನ್ನೊಂದಿದೆ. ಅಪ್ಪ ತನ್ನಲ್ಲಿದ್ದದ್ದನ್ನು ಕೊಟ್ಟು, ತನ್ನ ಸಂಸಾರಕ್ಕೆ ಒಳ್ಳೆಯದಾಗಲೆಂದು ಕೂತು ಕಾದರು. ದುಡಿಯುವ ಕೈಗಳನ್ನು ಕುಲದ ಮರ್ಯಾದೆ ಕಟ್ಟಿಹಾಕಿತ್ತು. ಮಗಳು ಕಾಯಲಿಲ್ಲ. ಅವರ ಪ್ರಾರ್ಥನೆಯ ಜತೆಗೆ ರೈಲು ಟಿಕೇಟು, ಡೇರೆ, ನೇಗಿಲು, ಮಗ್ಗ ಎಲ್ಲ ಇದ್ದವು. ಮುಕ್ತಿಯಲ್ಲಿ ಬಂದವರೆಲ್ಲ ದುಡಿಯಲು ಕಲಿತರು: ನೇಯ್ಗೆ, ಹೊಲಗೆಲಸ, ಹೈನು, ಅಡುಗೆ, ಮುದ್ರಣ. ಕುರುಡರಿಗೆ ಕಲಿಸಲು ಮನೋರಮಾ ಬ್ರೈಲ್ ಕಲಿತು ಬಂದಳು.

ಮುಕ್ತಿಯ ಮೇಲಿನ ಆಕ್ಷೇಪವೂ ಸುಳ್ಳಲ್ಲ. ಅಪ್ಪ ಅಮ್ಮ ಸತ್ತು, ಅನ್ನಕ್ಕಾಗಿ ಬಂದ ಹತ್ತು ವರ್ಷದ ಹುಡುಗಿ ದೀಕ್ಷಾಸ್ನಾನ ಪಡೆದರೆ ಅದನ್ನು ಅವಳ ಆಯ್ಕೆ ಎನ್ನಬಹುದೇ ಎಂದು ಅಂದು ಕೇಳಿದವರಿದ್ದರು, ಇಂದೂ ಇದ್ದಾರೆ. ಒಬ್ಬರ ನಂಬಿಕೆಯ ಹೆಜ್ಜೆ ಎಷ್ಟೋ ಸಲ ಇನ್ನೊಬ್ಬರನ್ನೂ ಎತ್ತಿಕೊಂಡೇ ನಡೆಯುತ್ತದೆ. ಅನಂತಶಾಸ್ತ್ರಿಗಳು ಮಕ್ಕಳನ್ನು ಕೇಳಿ ಯಾತ್ರೆಗೆ ಹೊರಡಲಿಲ್ಲ. ಆ ಹುಡುಗಿಯರ ಎದುರು ಬೇರೆ ಬಾಗಿಲುಗಳು ತೆರೆದಿದ್ದವೇ ಎಂದು ಕೇಳಿದರೆ, ತೆರೆದಿದ್ದವುಗಳಲ್ಲಿ ಹೆಚ್ಚಿನವು ದಲ್ಲಾಳಿಗಳದ್ದು. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ.

*

ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ರಮಾಬಾಯಿ ಮಾಡಿದ್ದು ಅನುವಾದ. ಮರಾಠಿಯಲ್ಲಿ ಬೈಬಲ್ ಆಗಲೇ ಇತ್ತು. ಅದರ ಭಾಷೆ ಪಂಡಿತರದ್ದು, ಸಂಸ್ಕೃತ ತುಂಬಿದ್ದು. ಸಂಸ್ಕೃತವೇ ಮೊದಲ ವಿದ್ಯೆಯಾಗಿದ್ದ ರಮಾಬಾಯಿಗೆ ಅದರ ತೊಡಕು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಪುರಾಣ, ವೇದಾಂತಗಳಲ್ಲಿ ಶತಮಾನಗಳ ಕಾಲ ಬಳಕೆಯಾದ ಪದ ತನ್ನ ಹಳೆಯ ಅರ್ಥವನ್ನೂ ಕಟ್ಟಿಕೊಂಡೇ ಬರುತ್ತದೆ. ಜತೆಗೆ, ಹೊಲದಿಂದ ಬಂದ ಹುಡುಗಿಗೆ ಆ ಪದ ತಲೆಗೇ ಹೋಗುವುದಿಲ್ಲ. ಮುಕ್ತಿಯ ಹೆಂಗಸರು ಆಡುವ ಮರಾಠಿಯಲ್ಲಿ, ಮೂಲದಿಂದ ನೇರವಾಗಿ ತರಬೇಕೆಂದು ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಕಿವಿ ಇನ್ನಷ್ಟು ಮಂದವಾಗಿತ್ತು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಬರಗಾಲದಿಂದ ಬದುಕಿ ಬಂದ ಹುಡುಗಿಯರೇ.

ಈ ಕೆಲಸ ಯಾರೂ ಹೇಳಿ ಮಾಡಿಸಿದ್ದಲ್ಲ. ಬಾಸ್ಟನ್ ಕೇಳಲಿಲ್ಲ, ಬೈಬಲ್ ಸೊಸೈಟಿ ಕೇಳಲಿಲ್ಲ. ನಡುವೆ ದೊಡ್ಡ ಪೆಟ್ಟು ಬಿತ್ತು. ತಮ್ಮ ನಂತರ ಎಲ್ಲವನ್ನೂ ನೋಡಿಕೊಳ್ಳುತ್ತಾಳೆಂದು ನೆಚ್ಚಿಕೊಂಡಿದ್ದ ಮನೋರಮಾ, ನಿಜಾಮರ ಸೀಮೆಯ ಗುಲ್ಬರ್ಗಾದಲ್ಲಿ ಹುಡುಗಿಯರ ಶಾಲೆ ಕಟ್ಟಿ ನಿಲ್ಲಿಸಿದವಳು, 1921ರಲ್ಲಿ ತೀರಿಕೊಂಡಳು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳಿಸಿದ್ದ ತಾಯಿ ಮಗಳನ್ನೂ ಕಳಿಸಿ ಮತ್ತೆ ಕರಡು ತಿದ್ದಲು ಕೂತರು. ತಿದ್ದುವ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, 1922ರ ಏಪ್ರಿಲ್ 5ರಂದು, ತಾವೂ ಹೋದರು. ಇಡೀ ಬೈಬಲ್ ಅಚ್ಚಾಗಿ ಹೊರಬಂದದ್ದು ಅವರ ಸಾವಿನ ನಂತರ.

ಮುಕ್ತಿ ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ; 1896ರ ಹೆಜ್ಜೆಗೆ ಬೇಕಾದಷ್ಟು ಖಾತ್ರಿ ಸಿಕ್ಕಿತೆನ್ನಬಹುದು. ಅನುವಾದಕ್ಕೆ ಅದು ಸಿಗಲಿಲ್ಲ. ಮರಾಠಿ ಚರ್ಚುಗಳಲ್ಲಿ ಬೈಬಲ್ ಸೊಸೈಟಿಯ ಆವೃತ್ತಿಯೇ ಬಳಕೆಯಲ್ಲಿ ಉಳಿಯಿತು. ರಮಾಬಾಯಿಯ ಬೈಬಲ್ಲನ್ನು ಇಂದು ತೆರೆಯುವವರು ಹೆಚ್ಚಾಗಿ ಸಂಶೋಧಕರು. ಮುಲ್ಲರ್, ಪೇಟನ್‌ರ ಕತೆಗಳಿಂದ ಕಲಿಯಲು ಹೊರಟವರು ಹಣ ಬಂದದ್ದನ್ನೂ ನೀರು ಚಿಮ್ಮಿದ್ದನ್ನೂ ಎಣಿಸುತ್ತಾರೆ. ರಮಾಬಾಯಿ 1896ರಲ್ಲಿ ಹೊರಟಾಗ ಅವರಿಗೂ ಅಂಥ ಉತ್ತರ ಬೇಕಿತ್ತು, ತಮ್ಮ ದೇಶದಲ್ಲೂ ಇದು ನಡೆಯುತ್ತದೆಂದು ಅವರು ನೋಡಬೇಕಿತ್ತು. ಮಗಳು ಸತ್ತ ವರ್ಷ, ಯಾರು ಓದುತ್ತಾರೆಂದು ತಿಳಿಯದ ಪುಸ್ತಕದ ಕರಡಿನ ಮುಂದೆ ಕೂತಾಗ ಅಂಥ ಉತ್ತರವೇನೂ ಬಂದಂತೆ ಕಾಣುವುದಿಲ್ಲ. ಅವರು ಹಾಳೆ ತಿರುವಿ ಮುಂದಿನ ಸಾಲು ತಿದ್ದಿದರು.